ದೊಡ್ಡಪ್ಪನ ಮನೆಯ ಮೋಡೆಮ್

ಇದು ಆಗುವ ಮಾತಲ್ಲ ಎಂದವರು ನನ್ನ ದೊಡ್ಡಪ್ಪ. ನಾನು ಬಿ.ಎಸ್ಸಿ.ಗೆ ಸೇರಿದಾಗ ಒಮ್ಮೆ ಅಂದರು. ಡಿಗ್ರಿ ಮುಗಿಸಿ ಸೋಲಾಪುರದ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದಾಗ ಮತ್ತೊಮ್ಮೆ ಅಂದರು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಬಾಗಿಲು ಕಂಡವರಲ್ಲ. ಮೊದಲ ಮಾತನ್ನು ನಾನು ಸುಳ್ಳು ಮಾಡಿದ್ದೆ. ಎರಡನೆಯದು ಉಳಿದಿತ್ತು.

ಸೋಲಾಪುರದಲ್ಲಿ ದೊಡ್ಡಪ್ಪನ ಚಾದರ-ಟವೆಲ್ ಅಂಗಡಿ ಕೆಳಗೆ, ಮನೆ ಮೇಲೆ. ನಮ್ಮ ಮನೆ ಅಕ್ಕಲಕೋಟೆಯಲ್ಲಿ. ಅಪ್ಪ ದಿನಾ ಅಲ್ಲಿಂದ ಎಸ್‌ಟಿ ಬಸ್ಸಿನಲ್ಲಿ ಬಂದು ಅಣ್ಣನ ಅಂಗಡಿಯಲ್ಲಿ ಗಿರಾಕಿ ನೋಡುತ್ತಿದ್ದ. ಫೋನಿನ ಲೈನು ಒಂದೇ, ಕೆಳಗೊಂದು ಮೇಲೊಂದು ಫೋನು. ದೀಪ ಹಚ್ಚುವ ಹೊತ್ತಿಗೆ ಫೋನ್ ರಿಂಗಾಗಬಾರದು ಎಂಬುದು ಆ ಅಂಗಡಿಯ ಪದ್ಧತಿ. ಆರತಿ ಮುಗಿಯುವ ತನಕ ರಿಸೀವರ್ ಎತ್ತಿ ಮಡಚಿದ ಟವೆಲ್ಲಿನ ಮೇಲೆ ಮಲಗಿಸಿಡುವುದು ಅಪ್ಪನ ಕೆಲಸ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಬೈ ಕಡೆಯ ವ್ಯಾಪಾರಿಗಳು ಇ-ಮೇಲ್ ಕೇಳತೊಡಗಿದ್ದರಿಂದ ದೊಡ್ಡಪ್ಪ ಕಂಪ್ಯೂಟರ್ ತಂದರು. ಅದರ ಜೊತೆಗೆ ಮೋಡೆಮ್ ಬಂತು. ಫೋನಿನ ತಂತಿಯ ಮೇಲೆಯೇ ನಂಬರ್ ತಿರುಗಿಸಿ ಇಂಟರ್‌ನೆಟ್ ಹಿಡಿಯುವ ಸಣ್ಣ ಪೆಟ್ಟಿಗೆ ಅದು. ನಮ್ಮ ಕ್ಲಾಸಿನ ಕೊನೆಯ ಪರೀಕ್ಷೆಯೂ ಅದೇ: ಯಾರದಾದರೂ ಮನೆಯಲ್ಲಿ ಸರ್ ಎದುರಿಗೆ ಇಂಟರ್‌ನೆಟ್ ಹಚ್ಚಿ ತೋರಿಸಬೇಕು. ಆಗದಿದ್ದರೆ ಮುಂದಿನ ಬ್ಯಾಚಿನ ತನಕ ಸರ್ಟಿಫಿಕೇಟ್ ಇಲ್ಲ. ಅಷ್ಟು ದಿನ ನನ್ನನ್ನು ಬಿಡುವವರು ಯಾರು? ಬೋರಾಮಣಿಯ ಕಡೆಯಿಂದ ಬಂದ ಒಂದು ಸಂಬಂಧವನ್ನು ದೊಡ್ಡಪ್ಪ ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಹಟ ಹಿಡಿದು ಅವರ ಮನೆಯನ್ನೇ ಆರಿಸಿಕೊಂಡೆ.

ಹಿಂದಿನ ದಿನ ಎಲ್ಲವೂ ನಡೆದಿತ್ತು. ಮೋಡೆಮ್ ಕಿರಿಚುವುದನ್ನು ಕೇಳಿ ದೊಡ್ಡವ್ವ, “ಬೆಕ್ಕು ಜಗಳಾಡಿದಂಗ ಆಗತೈತಿ, ಅದರ ಬಾಯಿ ಮುಚ್ಚಸು,” ಎಂದಳು. ಸರ್ ಎದುರಿಗೆ ಮನೆಯವರು ನಗಾಡಬಾರದೆಂದು ನಾನು ಅದರ ಸದ್ದು ಬಂದ್ ಮಾಡಿದೆ.

ಮರುದಿನ ಮಧ್ಯಾಹ್ನ ಸರ್ ಬಂದರು. ದೊಡ್ಡವ್ವ ಮೋಡೆಮ್ಮಿಗೂ ಕುಂಕುಮ ಹಚ್ಚಿದಳು. ನಾನು ಗುಂಡಿ ಒತ್ತಿದೆ. ಡಯಲ್ ಟೋನ್ ಇಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದೆ, ಅದೇ ಮಾತು. ತಂತಿ ಕಿತ್ತು ಕೂಡಿಸಿದೆ. ಮೋಡೆಮ್ ಆರಿಸಿ ಹಚ್ಚಿದೆ. ಕಂಪ್ಯೂಟರಿನಿಂದ ಮೋಡೆಮ್ಮನ್ನು ಅಳಿಸಿ ಹೊಸದಾಗಿ ಹಾಕಿದೆ. ಬೆವರು ಕೀಲಿಮಣೆಯ ಮೇಲೆ ಬೀಳುತ್ತಿತ್ತು.

“ಕಾಯ್ ಝಾಲಂ?” ಎಂದು ಸರ್ ಮರಾಠಿಯಲ್ಲಿ ಕೇಳಿದರು. ಏನಾಯಿತು ಎಂದು ನನಗೆ ಗೊತ್ತಿದ್ದರಲ್ಲವೇ ಹೇಳುವುದು.

“ಎಕ್ಸ್‌ಚೇಂಜಿನವರ ಲೈನ್ ಕೆಟ್ಟೈತ್ರಿ ಸರ್. ನಂದೇನೂ ತಪ್ಪಿಲ್ಲ,” ಎಂದೆ.

ದೊಡ್ಡಪ್ಪ ಅಡಕೆ ಕತ್ತರಿಸುತ್ತ ಕೂತಿದ್ದರು. “ಮುಂಜಾನಿ ನಾ ಇದs ಲೈನಿನ್ಯಾಗ ಬಾರ್ಶಿಗೆ ಮಾತಾಡೇನಲ್ಲ ಪೋರಿ. ನಿನ್ನ ಕೈ ಹತ್ತಿದ ಮ್ಯಾಲೆ ಕೆಟ್ಟತೇನು? ಡಿಗ್ರಿ ತೋರಸು ಅದಕ್ಕ, ಅಂಜಿ ನಡೀತೈತಿ.”

ದೊಡ್ಡವ್ವ ಸೆರಗಿನ ಮರೆಯಲ್ಲಿ ನಕ್ಕಳು. ಸರ್ ಕೂಡ. ನೆಲ ನೋಡುವುದು ಬಿಟ್ಟರೆ ನನ್ನ ಕಣ್ಣಿಗೆ ಬೇರೆ ಜಾಗವಿರಲಿಲ್ಲ.

ಕೊನೆಗೆ ಮೋಡೆಮ್ಮಿನ ತಂತಿ ಬಿಚ್ಚಿ, ಅದರ ಜಾಗದಲ್ಲಿ ಮೇಲಿನ ಮನೆಯ ಹಳೆಯ ಫೋನನ್ನೇ ಚುಚ್ಚಿ ಕಿವಿಗೆ ಹಿಡಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಟೋನ್ ಇಲ್ಲ. ಆದರೆ ಲೈನು ಸತ್ತೂ ಇರಲಿಲ್ಲ. ದೂರದಲ್ಲಿ ಫ್ಯಾನ್ ತಿರುಗುವ ಸದ್ದು. ಯಾರೋ ಚಾದರದ ರೇಟು ಕೇಳುತ್ತಿದ್ದಾರೆ. ಆಮೇಲೆ ಅಪ್ಪನ ದನಿ, ಪಿಸುಗುಡುವ ಹಾಗೆ:

“ಜರಾ ಹಳೂ ಮಾತಾಡ್ರಿ ಸಾವ್ಕಾರ. ಮ್ಯಾಲೆ ನನ್ನ ಮಗಳ ಪರೀಕ್ಷಾ ನಡದೈತಿ.”

ನನಗೆ ಎಲ್ಲ ತಿಳಿಯಿತು. ಆರತಿಯ ಹೊತ್ತಿನಂತೆ ಅಪ್ಪ ರಿಸೀವರ್ ತೆಗೆದಿಟ್ಟಿದ್ದ.

“ಕೆಳಗಿನ ವೈರ್ ನೋಡಿ ಬರ್ತೀನ್ರಿ,” ಎಂದು ಮೆಟ್ಟಿಲಿಳಿದೆ. ರಿಸೀವರ್ ಬಿಳಿ ಟವೆಲ್ಲಿನ ಮೇಲೆ ಮಲಗಿತ್ತು. ಅಪ್ಪ ಎದ್ದು ನಿಂತ.

“ಮುಗೀತೇನವ್ವ? ನಡುವ ಯಾರದರೆ ಫೋನ್ ಬಂದು ನಿನಗ ತ್ರಾಸ ಆಗಬಾರದಂತ ತಗದಿಟ್ಟೀನಿ.”

“ಚಲೋ ಮಾಡ್ದಿ ಅಪ್ಪಾ. ಇನ್ನ ಫೋನ್ ಇಡು.”

ಮೇಲೆ ಬಂದು ಮೋಡೆಮ್ ಕೂಡಿಸಿದೆ. ದೀಪಗಳು ಒಂದೊಂದಾಗಿ ಹತ್ತಿದವು, ಇಂಟರ್‌ನೆಟ್ ಬಂತು. ಏನಾಗಿತ್ತು ಎಂದು ಸರ್ ಕೇಳಿದರು.

“ವೈರ್ ಸಡ್ಲ ಇತ್ತು ಸರ್. ನಾನೇ ನೋಡಿರಲಿಲ್ಲ.”

“ಇಷ್ಟಕ್ಕ ಸರ್ಕಾರದವರಿಗೆ ಬೈದಿ?” ಎಂದು ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. ಪಾಸು, ಆದರೆ ‘ಎ’ ಕೊಡಲಾಗದು, ‘ಬಿ’ ದರ್ಜೆ ಎಂದರು ಸರ್. ಆ ‘ಬಿ’ಯನ್ನು ದೊಡ್ಡಪ್ಪ ಸಂಜೆಯೊಳಗೆ ಕೆಳಗಿನ ಅಂಗಡಿಗೂ ಸಾರಿದರು.

ಅಪ್ಪನನ್ನು ಉಳಿಸಿದೆ ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಗೊತ್ತಾಗಿದ್ದರೆ, ತಮ್ಮನಿಗೆ ಫೋನ್ ಇಡಲೂ ಬರುವುದಿಲ್ಲ ಎಂದು ದೊಡ್ಡಪ್ಪ ಗಿರಾಕಿಗಳ ಮುಂದೆ ಹಾಡಿಕೊಳ್ಳುತ್ತಿದ್ದರು, ಅದು ನಿಜ. ಆದರೆ ಸರ್ ಎದುರಿಗೆ ನಾನು ಇಂಥವನ ಮಗಳು ಎಂದು ತೋರಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ, ಅದೂ ನಿಜ. ಎರಡರಲ್ಲಿ ಯಾವುದು ಮೊದಲು ಬಾಯಿ ಕಟ್ಟಿತೋ ಹೇಳಲಾರೆ. ಒಂದು ನಾಚಿಕೆಯೊಳಗೆ ಇನ್ನೊಂದು ನಾಚಿಕೆ ಕೂತಿತ್ತು.

ಅಪ್ಪನಿಗೆ ಗೊತ್ತಾಗದೆ ಉಳಿಯಲೂ ಇಲ್ಲ. ಮುಂದಿನ ದಿನಗಳಲ್ಲಿ ಅವನು ದೀಪದ ಹೊತ್ತಿಗೆ ರಿಸೀವರ್ ಎತ್ತಿದಾಗಲೆಲ್ಲ, “ನೆಟ್ ಹೋತು” ಎಂದು ಮೇಲಿನಿಂದ ದೊಡ್ಡಪ್ಪನ ಕೂಗು ಬರುತ್ತಿತ್ತು. ಅಪ್ಪ ಸಾಲಿ ಕಲಿತವನಲ್ಲ, ಆದರೆ ಇಷ್ಟು ಕೂಡಿಸಿಕೊಳ್ಳಲು ಸಾಲಿ ಬೇಕಾಗಿರಲಿಲ್ಲ. ನನ್ನ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಸಂಜೆಯ ಎಸ್‌ಟಿಯಲ್ಲಿ ಇಬ್ಬರೂ ಅಕ್ಕಲಕೋಟೆಯ ತನಕ ಕಿಟಕಿಯಾಚೆ ನೋಡುತ್ತ ಬರುತ್ತಿದ್ದೆವು.

ಸರ್ಟಿಫಿಕೇಟ್ ಬಂದ ದಿನ ಅದನ್ನು ಬಸ್ಸಿನಲ್ಲಿ ತೆಗೆಯಲಿಲ್ಲ. ಮನೆಗೆ ಬಂದು, ಅಪ್ಪ ಕೈಕಾಲು ತೊಳೆದುಕೊಂಡ ಮೇಲೆ ಅವನ ಕೈಗೆ ಕೊಟ್ಟೆ. ಧೋತರಕ್ಕೆ ಕೈ ಮತ್ತೊಮ್ಮೆ ಒರೆಸಿಕೊಂಡು ಹಿಡಿದ.

“ನಿನ್ನ ಹೆಸರು ಎಲ್ಲೈತಿ?”

ತೋರಿಸಿದೆ.

“ಆ ‘ಬಿ’ ಅಂಬೋದು?”

ಅದನ್ನೂ ತೋರಿಸಿದೆ. ಆ ಅಕ್ಷರದ ಮೇಲೆ ಹೆಬ್ಬೆರಳಿಟ್ಟ.

“ಇಷ್ಟು ನಂದವ್ವ,” ಎಂದ. “ಉಳದದ್ದೆಲ್ಲ ನಿಂದು.”