ಕಯಾಕಿನ ಮುಂದಿನ ಸೀಟು

ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಒಂದೋ ದೇವರ ದರ್ಶನ, ಇಲ್ಲವೇ ನೆಂಟರ ಮದುವೆ. ಪುಣೆಯ ಕೋಥರೂಡಿಗೆ ಬಂದು ನೆಲೆಸಿ ವರ್ಷಗಳಾಗಿದ್ದರೂ ಈ ಪದ್ಧತಿ ವಿಜಾಪುರದಿಂದ ನಮ್ಮ ಜೊತೆಗೇ ಗಂಟುಮೂಟೆ ಕಟ್ಟಿಕೊಂಡು ಬಂದಿತ್ತು. ಹಾಗಾಗಿ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಒಂದು ಸಂಜೆ ನಾನು, "ಸಮುದ್ರದಾಗ ಹುಟ್ಟು ಹಾಕ್ಕೋತ ಹಕ್ಕಿ ನೋಡ್ಲಿಕ್ಕೆ ಹೋಗೂಣು" ಎಂದಾಗ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದರು.

"ಗುಡಿ ಇಲ್ಲ, ಗುಂಡಾರ ಇಲ್ಲ, ಬೀಗರ ಮನಿ ಇಲ್ಲ. ಅಲ್ಲಿಗೆ ಯಾಕ ಹೋಗೂದು?"

"ಹಕ್ಕಿ ಅದಾವ್ರಿ ಅತ್ತಿ."

"ಹಕ್ಕಿ ಇಲ್ಲೇ ಬಾಲ್ಕನಿಗೆ ಬರ್ತಾವಲ್ಲ, ಅರಿವಿ ಹೊಲಸು ಮಾಡ್ಲಿಕ್ಕೆ!"

ತಪ್ಪೆಲ್ಲ ಆ ಬಾಲ್ಕನಿಯದೇ. ಹಿಂದಿನ ವರ್ಷ ಬಟ್ಟೆ ಒಣಹಾಕುವ ಹಗ್ಗದ ತುದಿಗೆ ಸೂರಕ್ಕಿಯೊಂದು ಜೋತಾಡುವ ಗೂಡು ಕಟ್ಟಿತ್ತು. ಮರಿ ಹಾರುವವರೆಗೆ ನಮ್ಮ ಮನೆಯ ಬಟ್ಟೆಯೆಲ್ಲ ಕುರ್ಚಿಗಳ ಬೆನ್ನ ಮೇಲೆ ಒಣಗಿತು, ನಾನು ಪಾತ್ರೆ ತಿಕ್ಕುವುದನ್ನು ಬಿಟ್ಟು ಕಿಟಕಿಗೆ ಅಂಟಿಕೊಂಡೆ. ಆಮೇಲೆ ನನಗೆ ಹುಚ್ಚೇ ಹಿಡಿಯಿತು. ನನ್ನ ಆಫೀಸು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿತ್ತು. ಊಟದ ಬಿಡುವಿನಲ್ಲಿ ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಬೈನಾಕ್ಯುಲರ್ ತಂದೆ. ಅದರ ಎಡಗಣ್ಣಿನಲ್ಲಿ ಸದಾ ಮಂಜು. ಆದರೇನು, ಬಲಗಣ್ಣಿನಲ್ಲಿ ಸ್ವರ್ಗ ಕಾಣುತ್ತಿತ್ತು.

ಹಕ್ಕಿ ನೋಡುವವರ ಒಂದು ಗುಂಪನ್ನೂ ಸೇರಿಕೊಂಡೆ. ಅದರ ಮುಂದಾಳು ನಿವೃತ್ತರಾಗಿದ್ದ ಮರಾಠಿ ಮೇಷ್ಟ್ರು. ಪುಣೆಯವರು ಸ್ವೆಟರ್ ಹಾಕಿಕೊಳ್ಳುವ ಜನವರಿಯಲ್ಲಿ ಕೊಂಕಣದ ಕಡಲು ಬೆಚ್ಚಗಿರುತ್ತದೆ, ಹೊಳೆ ಸಮುದ್ರ ಸೇರುವಲ್ಲಿ ಕಯಾಕಿನಲ್ಲಿ ಸದ್ದಿಲ್ಲದೆ ಹೋದರೆ ಕಡಲ ಹದ್ದು ನೆತ್ತಿಯ ಮೇಲೇ ಸುಳಿಯುತ್ತದೆ ಎಂದು ಅವರು ಆಸೆ ಹುಟ್ಟಿಸಿದರು. ಕಯಾಕ್ ಎಂದರೆ ಬಾಳೆಕಾಯಿಯಂಥ ಉದ್ದನೆಯ ಪುಟ್ಟ ದೋಣಿ. ಇಬ್ಬರೇ ಕೂರಬೇಕು, ಒಬ್ಬರ ಹಿಂದೆ ಒಬ್ಬರು. ಆದ್ದರಿಂದ ಜೋಡಿಯಾಗಿ ಬಂದವರಿಗೆ ಮಾತ್ರ ಜಾಗ. ಹೊರಡುವ ಮೊದಲು ಪ್ರತಿ ಜೋಡಿಯೂ ಒಂದು ಪರೀಕ್ಷೆ ಪಾಸಾಗಬೇಕು.

ಇಬ್ಬರು ಕೂರುವ ದೋಣಿ ಎಂದು ಕೇಳಿದ ಕ್ಷಣವೇ ನಾನು ಮುಂದಿನ ಸೀಟನ್ನು ಮನಸ್ಸಿನಲ್ಲಿ ನನಗೇ ಬರೆದುಕೊಂಡೆ. ಮದುವೆಯಾದಾಗಿನಿಂದ ನಾನು ಜಗತ್ತನ್ನು ನೋಡಿದ್ದು ಗಂಡನ ಸ್ಕೂಟರಿನ ಹಿಂದೆ ಕೂತು. ಪರ್ವತಿ ಗುಡ್ಡವಾಗಲಿ, ಗಣಪತಿ ಮೆರವಣಿಗೆಯಾಗಲಿ, ಎಲ್ಲವೂ ಅವರ ಅಂಗಿಯ ಕಾಲರಿನ ಆಚೆ ಈಚೆ ಕಂಡಷ್ಟೇ. ಸಮುದ್ರವನ್ನಾದರೂ ನಡುವೆ ಯಾರ ಬೆನ್ನೂ ಇಲ್ಲದೆ ನೋಡಬೇಕು. ಅದೊಂದೇ ಆಸೆ. ಅದನ್ನು ನೆನೆದರೆ ಆಫೀಸಿನಲ್ಲಿ ಫೈಲಿನ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ.

ನನ್ನವರು ಮೊದಲು ಖುಷಿಯಿಂದಲೇ ಹೂಂ ಅಂದಿದ್ದರು. ಅದು ಮೋಟಾರ್ ದೋಣಿ, ತಾವು ಕಾಲು ಚಾಚಿ ಶೇಂಗಾ ತಿನ್ನುತ್ತ ಹೋಗಬಹುದು ಎಂದುಕೊಂಡಿದ್ದರಂತೆ. ಹುಟ್ಟು ಹಾಕಬೇಕು ಎಂದು ತಿಳಿದಾಗ ಮುಖ ಸಣ್ಣದಾಯಿತು. ಆದರೂ ನಾನು ಬಿಡಲಿಲ್ಲ. ಒಂದು ಭಾನುವಾರ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಕೌದಿ ಹಾಸಿ, ನಾನೊಂದು ಕೋಲು ಹಿಡಿದು, ಅವರ ಕೈಗೆ ಜೇಡ ಹೊಡೆಯುವ ಕೋಲು ಕೊಟ್ಟು, ನನ್ನ ಹಿಂದೆ ಕೂರಿಸಿ ತಾಲೀಮು ಶುರು ಮಾಡಿದೆ. ನಾನು ಎಡಕ್ಕೆ ಅಂದರೆ ಅವರು ಬಲಕ್ಕೆ. ನಾನು ಎಳೆದರೆ ಅವರು ನೂಕುತ್ತಿದ್ದರು. ಕೋಲು ನನ್ನ ತಲೆಗೆ ಎಷ್ಟು ಸಲ ಬಡಿಯಿತೋ! ನೀರಿನ ಟಾಕಿಯ ಮೇಲೆ ಕೂತ ಕಾಗೆಗಳೂ ಗದ್ದಲ ಎಬ್ಬಿಸಿದವು.

"ನನ್ನ ಕೈಲೆ ಆಗೂದಿಲ್ಲ ಮಾರಾಯ್ತಿ" ಎಂದು ಅವರು ಕೋಲು ಒಗೆದರು. "ನೀ ಹೋಗಿ ಬಾ. ನಾ ದಂಡಿ ಮ್ಯಾಲ ಕೂತು ಚಪ್ಪಲಿ ಕಾಯ್ತೀನಿ."

"ಜೋಡಿ ಇಲ್ಲಂದ್ರ ನನ್ನ ಯಾರು ಕರಕೊಂಡು ಹೋಗ್ತಾರ್ರೀ?"

ಅವರು ಚಹಾ ನೆಪ ಹೇಳಿ ಕೆಳಗಿಳಿದರು. ನಾನು ಕೌದಿಯ ಮೇಲೆ ಒಬ್ಬಳೇ ಕೂತೆ. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ದೊಡ್ಡ ಸಮುದ್ರ ಒಂದು ಜೋಡಿ ಕೈ ಸಾಲದೆ ನನ್ನ ಪಾಲಿಗೆ ತಪ್ಪಿಹೋಗುತ್ತಿತ್ತು.

ಅತ್ತೆ ಆ ಹೊತ್ತಿಗೆ ಒಣಗಿದ ಸಂಡಿಗೆ ತೆಗೆಯಲು ಮೇಲೆ ಬಂದಿದ್ದರು. ನನ್ನನ್ನು ನೋಡಿದರು, ಕೋಲನ್ನು ನೋಡಿದರು. ಸೆರಗು ಸಿಕ್ಕಿಸಿ, ಕೋಲು ಎತ್ತಿಕೊಂಡು ನನ್ನ ಹಿಂದೆ ಕೂತರು.

"ಎಳಿ" ಅಂದರು.

ಎಳೆದೆ. ಹಿಂದಿನಿಂದ ಅವರ ಕೋಲೂ ಅದೇ ಗಳಿಗೆಗೆ ಬಂತು. ಇನ್ನೊಮ್ಮೆ ಎಳೆದೆ, ಮತ್ತೆ ಬಂತು. ಕೋಲಿಗೆ ಕೋಲು ತಾಗಲಿಲ್ಲ. ಆಮೇಲೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಊರಿನ ಗಿರಣಿ ಕೆಟ್ಟು ನಿಂತಾಗ ನಾವಿಬ್ಬರೂ ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಮನೆಮಂದಿಯ ಜೋಳವೆಲ್ಲ ಬೀಸಿದ್ದೆವು. ಆಗ ನನಗೆ ಅತ್ತೆಯೆಂದರೆ ಹೆದರಿಕೆ, ಅವರಿಗೆ ನನ್ನ ಬಗ್ಗೆ ಅನುಮಾನ. ಮಾತಿರಲಿಲ್ಲ, ಕೈಗಳಷ್ಟೇ ಹೊಂದಿಕೊಂಡಿದ್ದವು. ಆ ಕೈಗಳು ಏನನ್ನೂ ಮರೆತಿರಲಿಲ್ಲ.

"ನಾಳೆ ಹೆಸರು ಕೊಟ್ಟು ಬಾ" ಎಂದು ಅತ್ತೆ ಸಂಡಿಗೆ ತೆಗೆಯಲು ಎದ್ದರು. "ಆದ್ರ ಬುತ್ತಿ ನಾ ಕಟ್ಟಾಕಿ. ಅಲ್ಲಿ ಮೀನ ತಿಂದು ಬದುಕ್ಲಿಕ್ಕೆ ನನಗಾಗೂದಿಲ್ಲ."

ಮುಂದಿನ ದಿನಗಳು ಹೇಗೆ ಕಳೆದವೋ! ಆಫೀಸಿನಿಂದ ಬಂದವಳೇ ನಾನು ಟೆರೇಸಿಗೆ ಓಡುತ್ತಿದ್ದೆ. ನೀರು ತಾಗದ ಚೀಲದಲ್ಲಿ ಬೇಕಾದಷ್ಟು ಮಾತ್ರ ತುಂಬಿಕೊಳ್ಳಿ ಎಂದು ಮೇಷ್ಟ್ರು ಹೇಳಿದ್ದರು. ಅತ್ತೆ ಅದರಲ್ಲಿ ಒಣಗಿಸಿದ ಖಟಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ತುಂಬಿ ನನ್ನ ಬೈನಾಕ್ಯುಲರನ್ನು ಹೊರಗಿಟ್ಟರು. "ಅದನ್ನ ಕೊರಳಾಗ ಹಾಕ್ಕೋ. ರೊಟ್ಟಿ ಕೊರಳಾಗ ಹಾಕ್ಕೊಳ್ಳಾಕ ಬರ್ತದೇನು?" ಎಂಬುದು ಅವರ ವಾದ. ನಾನು ಬೈನಾಕ್ಯುಲರನ್ನು ಕೊರಳಿಗೇರಿಸಿದೆ.

ಪರೀಕ್ಷೆ ನಡೆದದ್ದು ಇಂದಾಪುರದ ಕಡೆ, ಕಬ್ಬಿನ ಗದ್ದೆಗಳ ಅಂಚಿಗೆ ಹರಡಿಕೊಂಡ ಹಿನ್ನೀರಿನಲ್ಲಿ. ಬುತ್ತಿ ಕಟ್ಟಿಕೊಂಡು ಮೂವರೂ ಸರಕಾರಿ ಎಸ್ಟಿ ಬಸ್ಸಿನಲ್ಲಿ ಹೋದೆವು. ಅತ್ತೆ ಇಳಕಲ್ ಸೀರೆಗೆ ಕಚ್ಚೆ ಹಾಕಿ, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ನಿಂತಾಗ ಮೇಷ್ಟ್ರು ಗಾಬರಿಯಾಗಿ, ಆಜಿ, ಈಜು ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. "ಮುಳುಗೋ ವಿಚಾರ ನಮಗಿಲ್ಲ ಅಂತ ಹೇಳು" ಎಂದರು ಅತ್ತೆ. ನಾನು ಅನುವಾದಿಸಿದೆ.

ನಾನು ಮುಂದೆ ಕೂತೆ. ಅತ್ತೆ ಯಾರೂ ಹೇಳದೆಯೇ ಹಿಂದೆ ಕೂತರು. ದಂಡೆಯ ಮೇಲೆ ನನ್ನವರು ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೈ ಬೀಸಿದರು. ಎದುರಿನ ದಿಬ್ಬ ಮುಟ್ಟಿ ಹಿಂತಿರುಗಬೇಕು, ಅಷ್ಟೇ ಪರೀಕ್ಷೆ.

ಎಳೆದೆವು. ಆಹಾ, ಎಂಥ ಲಯ! ದೂರದಲ್ಲಿ ನೀರಿನ ಅಂಚಿಗೆ ರಾಜಹಂಸಗಳ ಗುಲಾಬಿ ಗೆರೆ ಕಂಡಿತು. ನನ್ನ ಕೈ ನಿಂತುಬಿಟ್ಟಿತು. "ಕೈ ನಿಲ್ಲಿಸಬ್ಯಾಡ, ಹಿಟ್ಟು ದಪ್ಪ ಬೀಳ್ತದ!" ಎಂದು ಹಿಂದಿನಿಂದ ಬೈಗುಳ ಬಂತು. ಮತ್ತೆ ಎಳೆದೆ. ಸ್ವಲ್ಪ ಹೊತ್ತಿಗೆ ರಾಜಹಂಸ ಹೋಗಿ ಕಬ್ಬಿನ ಗದ್ದೆ ಕಂಡಿತು. ಆಮೇಲೆ ನನ್ನ ಗಂಡ, ಚಪ್ಪಲಿಯ ಸಾಲು. ಮತ್ತೆ ರಾಜಹಂಸ. ದೋಣಿ ಇದ್ದಲ್ಲೇ ಗರಗರ ಸುತ್ತುತ್ತಿತ್ತು.

ಬೀಸುವ ಕಲ್ಲಿಗೆ ಬಲಗೈ ಸಾಕಲ್ಲ. ಬೀಸುವ ಲಯದಲ್ಲಿ ಮೈಮರೆತ ನಾವಿಬ್ಬರೂ ಒಂದು ಸಲವೂ ಎಡಕ್ಕೆ ಹುಟ್ಟು ಹಾಕಿರಲಿಲ್ಲ. ಟೆರೇಸಿನ ಕೌದಿ ಸುತ್ತುವುದಿಲ್ಲವಾದ್ದರಿಂದ ಅದು ನಮಗೆ ಗೊತ್ತೇ ಆಗಿರಲಿಲ್ಲ. ದಂಡೆಯಲ್ಲಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾವೂ ನಕ್ಕೆವು, ದೋಣಿ ಅಲ್ಲಾಡುವಷ್ಟು. ಆದರೆ ಸಮುದ್ರ ಮತ್ತೆ ಕೈ ತಪ್ಪುತ್ತಿತ್ತು.

ಹೇಗೋ ದಂಡೆ ಸೇರಿದಾಗ, ಇಷ್ಟು ಚೆನ್ನಾಗಿ ಕೂಡಿ ಎಳೆಯುವ ಜೋಡಿಯನ್ನು ನೋಡಿಲ್ಲ ಎಂದರು ಮೇಷ್ಟ್ರು. ಆದರೆ ದಿಕ್ಕು ತಿದ್ದುವವರು ಹಿಂದೆ ಕೂರಬೇಕು. ಅದು ಗೊತ್ತಿದ್ದವರು ಹಿಂದೆ ಹೋಗಿ, ಇನ್ನೊಂದೇ ಅವಕಾಶ ಎಂದರು. ಗುಂಪಿನಲ್ಲಿ ಅವರು ಕಲಿಸಿದ್ದನ್ನು ಕೇಳಿಸಿಕೊಂಡಿದ್ದವಳು ನಾನೇ. ಬೇರೆ ದಾರಿಯಿರಲಿಲ್ಲ, ಸೀಟು ಬದಲಾಯಿಸಿದೆವು. ಒಮ್ಮೆ ಎಡ, ಒಮ್ಮೆ ಬಲ ಎಂದು ನಾನು ಹಿಂದಿನಿಂದ ಕೂಗಿದೆ, ಅತ್ತೆಯ ಭುಜಗಳು ಹಾಗೆಯೇ ತಿರುಗಿದವು. ದೋಣಿ ನೆಟ್ಟಗೆ ಹೋಗಿ ದಿಬ್ಬ ಮುಟ್ಟಿತು, ನೆಟ್ಟಗೆ ಮರಳಿತು. ಮೇಷ್ಟ್ರು ಚಪ್ಪಾಳೆ ತಟ್ಟಿ ನಮ್ಮ ಹೆಸರು ಬರೆದುಕೊಂಡರು. ನಾನು ಕುಣಿದಾಡಿದೆ.

ರೊಟ್ಟಿ ಮುರಿಯುತ್ತ ಕೂತಾಗ ಮೆಲ್ಲಗೆ ಕೇಳಿದೆ. "ಅತ್ತಿ, ದಿಕ್ಕು ತಿದ್ದೂದು ಈಗ ನಿಮಗೂ ಕಲ್ಸಿ ಕೊಡ್ತೀನ್ರಿ. ಸಮುದ್ರದಾಗ ನಾ ಮುಂದ ಕೂಡ್ಲೇನ್ರಿ?"

ಅತ್ತೆ ನೀರಿನ ಕಡೆ ನೋಡುತ್ತಿದ್ದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮೊದಲು ಕಂಡಿರಲಿಲ್ಲ.

"ನೀ ನನ್ನ ಮಗನ ಬೆನ್ನು ನೋಡ್ಕೋತ ಬಂದಿ, ಖರೆ. ನಾ ಚಕ್ಕಡ್ಯಾಗ ನಮ್ಮಪ್ಪನ ಬೆನ್ನು ನೋಡಿದೆ, ಸೈಕಲ್ ಮ್ಯಾಲ ನಿಮ್ಮ ಮಾವನ ಬೆನ್ನು ನೋಡಿದೆ, ಈಗ ಇವನ ಸ್ಕೂಟರಿನ ಮ್ಯಾಲ ಇವನ ಬೆನ್ನು. ಇವತ್ತ ಮೊದಲನೇ ಸಲ ಮುಂದ ಏನೂ ಇದ್ದಿದ್ದಿಲ್ಲ."

ನಾನು ಕೊರಳಿನ ಬೈನಾಕ್ಯುಲರ್ ತೆಗೆದು ಅವರ ಕೊರಳಿಗೆ ಹಾಕಿದೆ. ಬಲಗಣ್ಣಿನಿಂದ ನೋಡಬೇಕು ಎಂದು ಹೇಳಿಕೊಟ್ಟೆ. ಅವರು ಎಡಗಣ್ಣು ಮುಚ್ಚಿ ರಾಜಹಂಸಗಳ ಕಡೆ ತಿರುಗಿದರು.

"ದಿಕ್ಕು ನೀ ನೋಡು" ಅಂದರು. "ಸಮುದ್ರ ನಾ ನೋಡ್ತೀನಿ."