ಅಂಟಿನುಂಡೆ ಮತ್ತು ರೊಟ್ಟಿ ಬಡಿಯುವ ಸದ್ದು

ನನಗೆ ಪಾರ್ಕಿನ್ಸನ್ ಇದೆಯೆಂದ ದಿನ ಗದಗಿನ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದರು: ಈ ಕಾಯಿಲೆಯಲ್ಲಿ ಮೆದುಳಿನ ಕೆಲವು ಜೀವಕೋಶಗಳೊಳಗೆ ಶಕ್ತಿ ತಯಾರಾಗುವುದೇ ಕುಗ್ಗಿರುತ್ತದೆ. ಶಕ್ತಿ ಕುಗ್ಗಿದವರಿಗೆ ಏನು ಕೊಡಬೇಕೆಂಬುದು ನನ್ನ ಹೆಂಡತಿಗೆ ಗೊತ್ತಿತ್ತು. ಬೆಟಗೇರಿಯ ಮನೆಗೆ ಬಂದವಳೇ ಬಾಣಂತಿಯರಿಗೆ ಮಾಡುವ ಅಂಟಿನುಂಡೆಯನ್ನು ಡಬ್ಬಿ ತುಂಬ ಕಟ್ಟಿಟ್ಟಳು.

“ನಾ ಏನ ಹಡದೇನೇನ?” ಎಂದು ರೇಗಿದೆ.

“ಸುಮ್ನ ತಿನ್ರಿ,” ಎಂದಳು.

ತಿಂಗಳೊಪ್ಪತ್ತಿನಲ್ಲಿ ನನಗೆ ಹೊಟ್ಟೆ ಬಂತು, ಕೈ ನಡುಕ ಹೋಗಲಿಲ್ಲ. ಡಾಕ್ಟರು ನಕ್ಕು ಅವಳಿಗೆ ಹೇಳಿದರು: “ಅಕ್ಕಾರ, ಗಿರಣಿನ ಸರಿಯಾಗಿ ತಿರಗಲಿಲ್ಲಂದ್ರ ಎಷ್ಟ ಜೋಳ ಸುರುವಿದ್ರೇನು? ಗುಳಿಗಿ ತಪ್ಪಿಸಬ್ಯಾಡ್ರಿ, ಇವರ್ನ ದಿನಾ ನಡಸ್ರಿ.”

ನಡೆಯುವುದೇ ಕಷ್ಟವಾಗಿತ್ತು. ಅಡುಗೆಮನೆಯ ಹೊಸ್ತಿಲ ಬಳಿ ಬಂದರೆ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ. ಒಂದು ಮುಂಜಾನೆ ಹಾಗೇ ನಿಂತುಬಿಟ್ಟಿದ್ದಾಗ ಒಳಗೆ ಅವಳು ರೊಟ್ಟಿ ಬಡಿಯತೊಡಗಿದಳು. ಆ ಪಟಪಟ ತಾಳಕ್ಕೆ ನನ್ನ ಕಾಲು ತಾನಾಗಿ ಎದ್ದು ಹೊಸ್ತಿಲು ದಾಟಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಈಗ ನಾನು ಅಲ್ಲಿ ನಿಂತದ್ದು ಕಂಡರೆ ಸಾಕು, ಹಿಟ್ಟು ಇರಲಿ ಬಿಡಲಿ, ಅವಳು ಬರಿಯ ಹಲಗೆಯನ್ನೇ ಬಡಿಯುತ್ತಾಳೆ. ನಾನು ನಡೆದು ಬರುತ್ತೇನೆ.