ಕಮಲಾಜಿಯ ದಾಖಲೆ ಅಳಿಸಿದ ದಿನ

೨೦೦೪ರ ಮಾತು. ನಾವು ಆಗ ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದೆವು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕ್ಲರ್ಕ್ ಆಗಿದ್ದೆ. ಗೆದ್ದಲು ಹಿಡಿದ ಸೇವಾ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಬ್ಬೊಬ್ಬರ ಹೆಸರಿಗೂ ಒಂದು ಫೋಲ್ಡರ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೆವು. ಮೂಲ ಕಾಗದಗಳನ್ನು ಸುಟ್ಟುಬಿಟ್ಟಿದ್ದರು.

ವರ್ಗವಾಗಿ ಹೋದವರ ಫೋಲ್ಡರುಗಳನ್ನು ಅಳಿಸುವ ಕೆಲಸ ಒಂದು ದಿನ ನನಗೆ ಬಂತು. ಒಂದೊಂದಾಗಿ ಯಾರು ಅಳಿಸುತ್ತಾರೆ ಎಂದು, ಕಂಪ್ಯೂಟರೇ ತಾನಾಗಿ ಅಳಿಸುವಂತೆ ಆದೇಶಗಳ ಬ್ಯಾಚ್ ಫೈಲ್ ಬರೆದೆ. ಹೆಸರುಗಳ ಪಟ್ಟಿಯಿಂದ ಒಂದು ಸಾಲು ಓದಿ, ಆ ಹೆಸರಿನ ಫೋಲ್ಡರ್ ಅಳಿಸಿ, ಮುಂದಿನ ಸಾಲಿಗೆ ಹೋಗುವ ಲೂಪ್ ಅದು. ಪರೀಕ್ಷಿಸದೆಯೇ ಓಡಿಸಿದೆ.

ಪರದೆಯ ತುಂಬ ‘ಸಿಗಲಿಲ್ಲ, ಸಿಗಲಿಲ್ಲ’ ಎಂಬ ಸಾಲುಗಳು! ನನ್ನ ಲೂಪ್ ಪ್ರತಿ ಸಾಲಿನ ಮೊದಲ ಪದವನ್ನಷ್ಟೇ ಓದಿತ್ತು. ಒಂದು ಕಡೆ ಮಾತ್ರ ತಕರಾರಿರಲಿಲ್ಲ. ಪಟ್ಟಿಯಲ್ಲಿದ್ದದ್ದು ವರ್ಗವಾಗಿ ಹೋಗಿದ್ದ ‘ಕಮಲಾ ದೇವಿ’, ಅಳಿಸಿಹೋದದ್ದು ‘ಕಮಲಾ’. ಕಮಲಾಜಿ ನಮ್ಮಲ್ಲೇ ಜವಾನರಾಗಿದ್ದವರು, ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಪಿಂಚಣಿಗೆ ಆ ದಾಖಲೆಗಳೇ ಆಧಾರ. ರೀಸೈಕಲ್ ಬಿನ್‌ನಲ್ಲೂ ಏನೂ ಇರಲಿಲ್ಲ.

ಸಂಜೆ ಮನೆಗೆ ಬಂದು ಅತ್ತುಬಿಟ್ಟೆ. ನಮ್ಮವರು, “ಮೊದಲು ಅವರಿಗೆ ನೀನೇ ಹೇಳು. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ” ಎಂದರು.

ಮರುದಿನ ಹಿಂದಿಯಲ್ಲಿ ತಡವರಿಸುತ್ತಾ ಎಲ್ಲ ಹೇಳಿದೆ. ಕಮಲಾಜಿ ಕೇಳಿದ್ದು ಒಂದೇ ಪ್ರಶ್ನೆ.

“ನೌಕರಿಗೆ ಸೇರಿದ ದಿನದ ಚಿಟ್ಠಿಯೂ ಹೋಯಿತಾ?”

“ಅದೂ ಹೋಯಿತು.”

“ಅಚ್ಛಾ” ಎಂದು ಚಹಾದ ಲೋಟಗಳನ್ನು ಎತ್ತಿಕೊಂಡು ಹೊರಟುಹೋದರು. ಆ ದಿನ ನನಗೆ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಗೋಧಿಹಿಟ್ಟಿನ ಹಳೆಯ ಚೀಲವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ನೇಮಕಾತಿ ಪತ್ರ, ರಜೆಯ ಮಂಜೂರಾತಿ, ಬಡ್ತಿಯ ಆದೇಶ. ಜೊತೆಗೆ ಹೋಳಿ ರಜೆಯ ಸುತ್ತೋಲೆ, ಕ್ಯಾಂಟೀನಿನ ನೋಟಿಸು!

“ಕಮಲಾಜಿ, ಇವನ್ನೆಲ್ಲ ಯಾಕೆ ಇಟ್ಟುಕೊಂಡಿರಿ?”

“ನನಗೆ ಓದೋಕೆ ಬರಲ್ಲ ಮೇಡಂಜಿ. ಯಾವುದು ಬೇಕು, ಯಾವುದು ಬೇಡ ಅಂತ ಹೇಗೆ ಗೊತ್ತಾಗಬೇಕು? ಆಫೀಸಿನವರು ಕೊಟ್ಟದ್ದನ್ನೆಲ್ಲ ಇಟ್ಟೆ.”

ಅಧಿಕಾರಿಗೆ ತಪ್ಪೊಪ್ಪಿಕೊಂಡೆ. ಅವರು ಚೆನ್ನಾಗಿ ಗದರಿಸಿದರೂ, ಪ್ರತಿ ಕಾಗದವನ್ನು ನೋಡಿ ದೃಢೀಕರಿಸಿ ಸಹಿ ಮಾಡಿದರು. ಎರಡು ದಿನ ಕೂತು ನಾನೇ ಸ್ಕ್ಯಾನ್ ಮಾಡಿದೆ. ಕಮಲಾಜಿಯ ಪಿಂಚಣಿ ಸಕಾಲಕ್ಕೆ ಮಂಜೂರಾಯಿತು.

ಇಂದಿಗೂ ನಾನು ಏನನ್ನಾದರೂ ಅಳಿಸುವ ಮೊದಲು ಹೆಸರುಗಳನ್ನು ಪರದೆಯ ಮೇಲೆ ತರಿಸಿ ಓದಿಕೊಳ್ಳುತ್ತೇನೆ. ಕಮಲಾಜಿ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.